ಸಂಘಟ್ಟಕ ಯಂತ್ರದ ನಿರ್ವಾತ ಪಂಪುಗಳೂ ಅವುಗಳ ಕಾವೂ

ನಿರ್ವಾತವೆಂಬ ಶಬ್ದವನ್ನು ಈಗ ನಾವು ಗಾಳಿಯೇ ಇಲ್ಲದ ಎಡೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಈ ಮಾತಿಗೂ ಇದರ ಸೋದರಶಬ್ದವಾದ ನಿವಾತಕ್ಕೂ ಇದ್ದ ಹಳೆಯ ಅರ್ಥವು ಗಾಳಿ ಬೀಸದ ಎಡೆ, ಮರೆ, ಆಸರೆ ಎಂಬುದು. ಅಲುಗದೆ ಉರಿಯಬೇಕಾದ ದೀಪಕ್ಕೆ ಬೇಕಾದುದು ಅಂಥ ಸ್ಥಳ. ಭೌತವಿಜ್ಞಾನವು ಕನ್ನಡಕ್ಕೆ ಬಂದ ಮೇಲೆ ಈ ಮಾತು ಒಂದು ಹೆಜ್ಜೆ ಮುಂದೆ ಹೋಗಿ, ಗಾಳಿಯು ನಿಂತಿರುವುದನ್ನಲ್ಲದೆ ಗಾಳಿಯನ್ನು ತೆಗೆದುಬಿಟ್ಟಿರುವುದನ್ನೂ ಹೇಳತೊಡಗಿತು. ಆದರೆ ಯಂತ್ರಗಳೊಳಗಿನ ನಿರ್ವಾತವು ನಿಘಂಟಿನ ನಿರ್ವಾತದಷ್ಟು ಶುದ್ಧವಾದುದಲ್ಲ. ಒಮ್ಮೆ ಸಾಧಿಸಿ ಮರೆತುಬಿಡತಕ್ಕ ಸ್ಥಿತಿಯೂ ಅದಲ್ಲ. ಒಳಗೆ ಸದಾ ಜಿನುಗುತ್ತಿರುವ ಅನಿಲಕ್ಕೂ ಅದನ್ನು ಸದಾ ಸೆಳೆದುಕೊಳ್ಳುತ್ತಿರುವ ಪಂಪಿಗೂ ನಡೆಯುವ ಜಮಾಖರ್ಚಿನ ಲೆಕ್ಕವೇ ಅದು. ಪಂಪೇ ಕಾಯ್ದು, ತಾನು ನುಂಗಿದ್ದನ್ನು ಕಾರಿಕೊಳ್ಳಲು ಮೊದಲುಮಾಡಿತೆಂದರೆ ಆ ಲೆಕ್ಕವು ತಲೆಕೆಳಗಾಗುತ್ತದೆ. ಹಾಗೆ ಆಗುವುದು ಹೇಗೆ, ಆಗದಂತೆ ತಡೆದುದು ಹೇಗೆ ಎಂಬುದನ್ನು ಒಂದು ಪ್ರಸಿದ್ಧ ಯಂತ್ರದ ದೃಷ್ಟಾಂತದಿಂದ ವಿವರಿಸುವುದು ಈ ಲೇಖನದ ಉದ್ದೇಶ. ಗಣಿತದ ಸೂತ್ರಗಳ ನೆರವಿಲ್ಲದೆಯೇ ಇದನ್ನು ಹೇಳಬಹುದಾದ ಕಾರಣ, ಸಾಹಿತ್ಯಾಭ್ಯಾಸಿಗಳಾದ ವಾಚಕರು ಇದು ತಮಗೆ ದೂರದ ವಿಷಯವೆಂದು ಪುಟವನ್ನು ತಿರುವಿಹಾಕಬೇಕಾಗಿಲ್ಲ.

ಕ್ಯಾಲಿಫೋರ್ನಿಯಾ ಪ್ರಾಂತದ ಸ್ಟ್ಯಾನ್‌ಫರ್ಡಿನಲ್ಲಿ ಪೆಪ್-೨ ಎಂಬ ಹೆಸರಿನ ಸಂಘಟ್ಟಕ ಯಂತ್ರವು ೧೯೯೮ರಿಂದ ೨೦೦೮ರ ಏಪ್ರಿಲಿನವರೆಗೆ ಕೆಲಸ ಮಾಡಿತು. ನೆಲದೊಳಗಿನ ಸುರಂಗದಲ್ಲಿ ಒಂದರ ಮೇಲೊಂದಾಗಿ ಎರಡು ಕೊಳವೆಯುಂಗುರಗಳು. ಅವುಗಳ ಸುತ್ತಳತೆ ೨,೨೦೦ ಮೀಟರು. ಒಂದರಲ್ಲಿ ೯೦೦ ಕೋಟಿ ಎಲೆಕ್ಟ್ರಾನ್‌ವೋಲ್ಟು ಶಕ್ತಿಯ ಎಲೆಕ್ಟ್ರಾನುಗಳೂ ಇನ್ನೊಂದರಲ್ಲಿ ೩೧೦ ಕೋಟಿ ಎಲೆಕ್ಟ್ರಾನ್‌ವೋಲ್ಟು ಶಕ್ತಿಯ ಪಾಸಿಟ್ರಾನುಗಳೂ ಎದುರುಬದುರಾಗಿ ಸುತ್ತುತ್ತ, ಒಂದೇ ಒಂದು ಸ್ಥಳದಲ್ಲಿ ಪರಸ್ಪರ ಡಿಕ್ಕಿಹೊಡೆಯುತ್ತಿದ್ದವು. ಆ ಸಂಘಟ್ಟನ ಸ್ಥಾನವನ್ನು ಬಳಸಿಕೊಂಡು ಬಾಬಾರ್ ಎಂಬ ದೊಡ್ಡ ಕಣಗ್ರಾಹಕ ಯಂತ್ರವು ನಿಂತಿತ್ತು. ಡಿಕ್ಕಿಯಲ್ಲಿ ಹುಟ್ಟುವ ಬಿ-ಮೆಸಾನುಗಳೂ ಅವುಗಳ ಪ್ರತಿಕಣಗಳೂ ಒಂದೇ ರೀತಿಯಲ್ಲಿ ಅಳಿಯುತ್ತವೆಯೇ, ಅಥವಾ ವಸ್ತುವಿಗೂ ಪ್ರತಿವಸ್ತುವಿಗೂ ಪ್ರಕೃತಿಯು ಭೇದವನ್ನು ಮಾಡುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಈ ಕಣಗಳ ಆಯುಸ್ಸು ಒಂದು ಸೆಕೆಂಡಿನ ಲಕ್ಷಕೋಟಿಯಲ್ಲಿ ಒಂದೂವರೆ ಭಾಗ. ಜೊತೆಯಾಗಿ ಹುಟ್ಟಿದ ಎರಡು ಕಣಗಳು ಅಳಿದ ಸ್ಥಳಗಳ ನಡುವೆ ಸರಾಸರಿ ಕಾಲು ಮಿಲಿಮೀಟರು ಅಂತರವಿರುತ್ತದೆ. ಉತ್ತರವನ್ನು ಓದಬೇಕಾದುದು ಆ ಅಂತರದಲ್ಲಿ. ಬಾಬಾರ್ ತಂಡವೂ ಜಪಾನಿನ ಸುಕುಬಾದಲ್ಲಿದ್ದ ಬೆಲ್ಲೆ ತಂಡವೂ ೨೦೦೧ರಲ್ಲಿ, ಭೇದವಿರುವುದು ನಿಜವೆಂದು ಸಾರಿದವು. ೧೯೭೩ರಲ್ಲಿಯೇ ಇದಕ್ಕೆ ಸಿದ್ಧಾಂತವನ್ನು ಕೊಟ್ಟಿದ್ದ ಕೊಬಯಾಶಿ ಮತ್ತು ಮಸ್ಕಾವಾ ಅವರಿಗೆ ೨೦೦೮ರ ನೊಬೆಲ್ ಪಾರಿತೋಷಿಕದಲ್ಲಿ ಅರ್ಧಭಾಗವು ಸಂದಿತು.

ಇಂಥ ಪ್ರಶ್ನೆಗಳಿಗೆ ಉತ್ತರವು ದೊರಕುವುದು ಎಣಿಕೆಯಿಂದ. ಕೋಟಿಗಟ್ಟಲೆ ಘಟನೆಗಳು ಬೇಕು. ಘಟನೆಗಳ ಸಂಖ್ಯೆಯು ಎರಡು ಕಣಧಾರೆಗಳ ವಿದ್ಯುತ್ಪ್ರವಾಹದ ಗುಣಲಬ್ಧವನ್ನು ಅನುಸರಿಸುತ್ತದೆ. ಆದಕಾರಣ ಯಂತ್ರವನ್ನು ನಡೆಸುವವರು ವರ್ಷವರ್ಷಕ್ಕೂ ಪ್ರವಾಹವನ್ನು ಏರಿಸುತ್ತ ಬಂದರು. ಕೊನೆಕೊನೆಗೆ ಪಾಸಿಟ್ರಾನ್ ಉಂಗುರದಲ್ಲಿ ಮೂರು ಆಂಪಿಯರಿಗೂ ಎಲೆಕ್ಟ್ರಾನ್ ಉಂಗುರದಲ್ಲಿ ಎರಡು ಆಂಪಿಯರಿಗೂ ತುಸು ಮೀರಿದ ಪ್ರವಾಹವಿತ್ತು. ಮೂರು ಆಂಪಿಯರೆಂದರೆ ಮನೆಯ ವಿದ್ಯುತ್ ಇಸ್ತ್ರಿಪೆಟ್ಟಿಗೆಯಲ್ಲಿ ಹರಿಯುವಷ್ಟು, ಕೇಳುವುದಕ್ಕೆ ಅಲ್ಪವೇ. ಆದರೆ ಇಸ್ತ್ರಿಪೆಟ್ಟಿಗೆಯಲ್ಲಿ ಹರಿಯುವಂತೆ ಅದು ಸಮವಾಗಿ ಹರಿಯುವುದಿಲ್ಲ. ಕಣಗಳೆಲ್ಲವೂ ಸುಮಾರು ೧,೭೦೦ ಗೊಂಚಲುಗಳಾಗಿ ಕೂಡಿಕೊಂಡು ಓಡುತ್ತವೆ. ಒಂದೊಂದು ಗೊಂಚಲಿನ ಉದ್ದ ಎರಡು ಮೂರು ಸೆಂಟಿಮೀಟರು, ಒಂದರ ಹಿಂದೆ ಇನ್ನೊಂದು ಬರುವುದು ಒಂದೂಕಾಲು ಮೀಟರಿನ ಅಂತರದಲ್ಲಿ. ಗೊಂಚಲು ಹಾಯ್ದುಹೋಗುವ ಆ ಒಂದು ಕ್ಷಣದಲ್ಲಿ ಪ್ರವಾಹವು ನೂರು ಆಂಪಿಯರನ್ನು ಮೀರಿರುತ್ತದೆ. ಮುಂದೆ ಬರುವ ತೊಂದರೆಗಳೆಲ್ಲಕ್ಕೂ ಬೀಜವು ಈ ಗೊಂಚಲುತನದಲ್ಲಿದೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಕೊಳವೆಯೊಳಗಿನ ಒತ್ತಡವು ಟಾರ್ ಎಂಬ ಮಾನದ ನೂರು ಕೋಟಿಯಲ್ಲಿ ಒಂದು ಭಾಗದ ಆಸುಪಾಸಿನಲ್ಲಿರಬೇಕು. ನಾವು ಉಸಿರಾಡುವ ಗಾಳಿಯ ಒತ್ತಡದ ಎಪ್ಪತ್ತಾರು ಸಾವಿರ ಕೋಟಿಯಲ್ಲಿ ಒಂದು ಪಾಲು ಅದು. ಆಗಲೂ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು ಮೂರು ಕೋಟಿ ಅಣುಗಳು ಉಳಿದಿರುತ್ತವೆ. ನಿರ್ವಾತವೆಂಬ ಹೆಸರು ಔಪಚಾರಿಕವೆಂದು ಮೊದಲೇ ಹೇಳಿದುದು ಇದಕ್ಕಾಗಿ. ಈ ಅಣುಗಳಲ್ಲಿ ಒಂದಕ್ಕೆ ತಗುಲಿದ ಎಲೆಕ್ಟ್ರಾನು ದಾರಿ ತಪ್ಪುತ್ತದೆ, ಅಥವಾ ಶಕ್ತಿಯನ್ನು ಕಳೆದುಕೊಂಡು ಮುಂದಿನ ಅಯಸ್ಕಾಂತದಲ್ಲಿ ಇತರ ಕಣಗಳಿಗಿಂತ ಹೆಚ್ಚಾಗಿ ಬಾಗುತ್ತದೆ. ಹಾಗೆ ಬಾಗಿದ್ದು ಕಣಗ್ರಾಹಕದ ಒಡಲಿಗೇ ಬಂದು ಬಡಿಯುವುದುಂಟು. ಉಂಗುರದ ದೂರದ ಮೂಲೆಯಲ್ಲಿ ಅನಿಲ ಹೆಚ್ಚಿದರೆ ಕಣಧಾರೆಯ ಆಯುಸ್ಸು ಕುಗ್ಗುತ್ತದೆ, ಅಷ್ಟೆ. ಸಂಘಟ್ಟನ ಸ್ಥಾನಕ್ಕೆ ಮುಂಚಿನ ಕೆಲವು ಹತ್ತು ಮೀಟರುಗಳಲ್ಲಿ ಹೆಚ್ಚಿದರೋ, ನಿಜವಾದ ಘಟನೆಗಳ ಗೆರೆಗಳ ಮೇಲೆ ಹುಸಿಗೆರೆಗಳು ಬೀಳುತ್ತವೆ. ಕಾಲು ಮಿಲಿಮೀಟರನ್ನು ಅಳೆಯಬೇಕಾದ ಸಿಲಿಕಾನ್ ಹಾಳೆಗಳು ವಿಕಿರಣದಿಂದ ದಿನೇದಿನೇ ಹಾಳಾಗುತ್ತವೆ. ಹಾನಿಯು ಮಿತಿಮೀರುವ ಸೂಚನೆ ಬಂದರೆ ರಕ್ಷಣೆಯ ಏರ್ಪಾಡು ಕಣಧಾರೆಯನ್ನೇ ಒಮ್ಮೆಗೆ ನಿಲ್ಲಿಸಿಬಿಡುತ್ತದೆ. ಮತ್ತೆ ತುಂಬಿ ಹದಕ್ಕೆ ತರುವವರೆಗೂ ಎಣಿಕೆ ಇಲ್ಲ.

ನಿರ್ವಾತವು ಅತ್ಯಂತ ಶುದ್ಧವಾಗಿರಬೇಕಾದ ಈ ಎಡೆಯಲ್ಲಿಯೇ ಪಂಪುಗಳಿಗೆ ಜಾಗವು ಅತ್ಯಂತ ಕಡಮೆ. ನಡುವಿನ ಕೊಳವೆ ಬೆರಿಲಿಯಮ್ ಲೋಹದ್ದು; ಅದರ ಒಳತ್ರಿಜ್ಯ ಎರಡೂವರೆ ಸೆಂಟಿಮೀಟರು. ಅದಕ್ಕೆ ಎರಡು ಪದರದ ಗೋಡೆ, ಪದರಗಳ ನಡುವೆ ಹರಿಯುವ ನೀರು. ಅದನ್ನು ಸುತ್ತಿಕೊಂಡು ಸಿಲಿಕಾನ್ ಹಾಳೆಗಳು. ಸಂಘಟ್ಟನ ಬಿಂದುವಿನಿಂದ ಎರಡು ಗೇಣು ದೂರದೊಳಗಾಗಿಯೇ, ಎರಡು ಧಾರೆಗಳನ್ನು ಬೇರ್ಪಡಿಸುವ ಶಾಶ್ವತ ಅಯಸ್ಕಾಂತಗಳು ಮೊದಲಾಗುತ್ತವೆ. ಅವುಗಳಾಚೆ ಧಾರೆಯನ್ನು ಸೂಜಿಮೊನೆಗೆ ತರುವ ಅಯಸ್ಕಾಂತಗಳ ಸಾಲು. ದೂರದಲ್ಲಿ ಪಂಪು ಇಟ್ಟು ಸೆಳೆಯೋಣವೆಂದರೆ, ಇಷ್ಟು ವಿರಳವಾದ ಅನಿಲವು ನೀರಿನಂತೆ ಹರಿದುಬರುವುದಿಲ್ಲ. ಒಂದೊಂದು ಅಣುವೂ ಉಳಿದವುಗಳ ಹಂಗಿಲ್ಲದೆ ಗೋಡೆಯಿಂದ ಗೋಡೆಗೆ ಚೆಂಡಿನಂತೆ ಪುಟಿಯುತ್ತ, ಅಕಸ್ಮಾತ್ತಾಗಿ ಪಂಪಿನ ಬಾಯಿಗೆ ಬಿದ್ದರೆ ಬಿದ್ದಿತು. ಪಂಪು ಅದನ್ನು ಸೆಳೆಯುವುದಿಲ್ಲ. ಬಂದುದನ್ನು ಹಿಂದಕ್ಕೆ ಬಿಡದಿರುವುದಷ್ಟೇ ಅದರ ಕೆಲಸ. ಆದುದರಿಂದ ಪಂಪಿನ ಬಾಯಿಯು ಧಾರೆಗೆ ಎಷ್ಟು ಹತ್ತಿರವಾಗಿ, ಎಷ್ಟು ಅಗಲವಾಗಿ ತೆರೆದಿದ್ದರೆ ಅಷ್ಟು ಒಳ್ಳೆಯದು.

ಇಕ್ಕಟ್ಟಾದ ಎಡೆಗಳಲ್ಲಿ ಇದಕ್ಕೆ ಒದಗಿಬಂದುದು ಗೆಟರ್ ಪಂಪು. ಚಕ್ರವಿಲ್ಲ, ತೈಲವಿಲ್ಲ, ಅಲುಗುವ ಭಾಗವೊಂದೂ ಇಲ್ಲ. ಜಿರ್ಕೋನಿಯಮ್, ವೆನೇಡಿಯಮ್, ಕಬ್ಬಿಣಗಳ ಮಿಶ್ರಲೋಹದ ಪುಡಿಯನ್ನು ಒತ್ತಿ ಮಾಡಿದ ಪಟ್ಟಿಗಳು, ಅಷ್ಟೆ. ನಿರ್ವಾತದಲ್ಲಿ ಒಮ್ಮೆ ೪೦೦ ಡಿಗ್ರಿ ಸೆಂಟಿಗ್ರೇಡಿನ ಮೇಲಕ್ಕೆ ಕಾಯಿಸಿದರೆ ಮೈಮೇಲಿನ ಆಕ್ಸೈಡಿನ ಪೊರೆಯು ಒಳಕ್ಕೆ ಇಂಗಿ, ಲೋಹದ ಮೈ ಬತ್ತಲೆಯಾಗುತ್ತದೆ. ತಣಿದ ಮೇಲೆ ಆ ಮೈಗೆ ತಾಗಿದ ಆಮ್ಲಜನಕ, ಸಾರಜನಕ, ಇಂಗಾಲದ ಆಕ್ಸೈಡುಗಳು ರಸಾಯನಬಂಧದಿಂದ ಶಾಶ್ವತವಾಗಿ ಕೂಡಿಕೊಳ್ಳುತ್ತವೆ. ಮತ್ತೆ ಕಾಯಿಸಿದರೂ ಅವು ಹೊರಕ್ಕೆ ಬರುವುದಿಲ್ಲ, ಇನ್ನೂ ಆಳಕ್ಕೆ ಹೋಗುತ್ತವೆ. ಹೀಲಿಯಮ್, ನಿಯಾನ್, ಆರ್ಗಾನ್ ಮೊದಲಾದ ಜಡ ಅನಿಲಗಳನ್ನು ಮಾತ್ರ ಅದು ಮುಟ್ಟುವುದಿಲ್ಲ. ಅವುಗಳಿಗೆ ಬೇರೊಂದು ಬಗೆಯ ಪಂಪು ಬೇಕು. ಜಲಜನಕದ ರೀತಿಯೇ ಬೇರೆ. ಅದು ಲೋಹದಲ್ಲಿ ಬಂಧಿಯಾಗದೆ, ನೀರಿನಲ್ಲಿ ಸಕ್ಕರೆಯಂತೆ ಕರಗಿರುತ್ತದೆ. ಕರಗಿದುದು ಬಿಸಿಗೆ ಹೊರಡುತ್ತದೆ. ಒಂದು ಗ್ರಾಮು ಲೋಹವು ಒಂದು ಟಾರ್-ಲೀಟರು ಜಲಜನಕವನ್ನು ಕುಡಿದಿದೆಯೆಂದು ಇಟ್ಟುಕೊಂಡರೆ, ೨೭ ಡಿಗ್ರಿಯಲ್ಲಿ ಅದರ ಮೇಲೆ ನಿಲ್ಲುವ ಜಲಜನಕದ ಒತ್ತಡವು ಲೆಕ್ಕಕ್ಕೆ ಬಾರದಷ್ಟು ಕಡಮೆ. ೧೨೭ ಡಿಗ್ರಿಗೆ ಬಂದರೆ ಅದು ಲಕ್ಷಪಟ್ಟು ಏರುತ್ತದೆ, ಆದರೂ ಇನ್ನೂ ಅಪಾಯವಿಲ್ಲ. ೨೦೦ ಡಿಗ್ರಿಯಲ್ಲಿ ಮೊದಲಿನದರ ಕೋಟಿಪಟ್ಟನ್ನೂ ಮೀರಿ, ಯಂತ್ರಕ್ಕೆ ಬೇಕಾದ ಒತ್ತಡಕ್ಕಿಂತ ಮೇಲೆ ಹೋಗಿಬಿಡುತ್ತದೆ. ಅಷ್ಟು ಹೊತ್ತಿಗೆ ಪಂಪು ಪಂಪಾಗಿ ಉಳಿದಿರುವುದಿಲ್ಲ, ಅನಿಲದ ಊಟೆಯಾಗಿರುತ್ತದೆ. ಕಾವೇ ಇದನ್ನು ಪಂಪನ್ನಾಗಿ ಮಾಡುವುದು, ಕಾವೇ ಇದನ್ನು ಕೆಡಿಸುವುದು. ಯಂತ್ರವು ನಿಂತಿರುವಾಗ ನಾವಾಗಿ ಕೊಟ್ಟ ಕಾವಿನಲ್ಲಿ ಹೊರಬಿದ್ದ ಜಲಜನಕವನ್ನು ಬೇರೆ ಪಂಪುಗಳು ಸಾಗಿಸುತ್ತವೆ. ಧಾರೆಯು ಸುತ್ತುತ್ತಿರುವಾಗ ತಾನಾಗಿ ಬಂದ ಕಾವಿನಲ್ಲಿ ಹೊರಬಿದ್ದುದು ನೇರವಾಗಿ ಧಾರೆಯ ದಾರಿಗೆ ಬೀಳುತ್ತದೆ.

ತಾನಾಗಿ ಬರುವ ಈ ಕಾವಿನ ಮೂಲವೇನು? ದೋಣಿಯು ನೀರಿನಲ್ಲಿ ಹೋಗುವಾಗ ಅದರ ಹಿಂದೆ ಅಲೆಗಳು ಹುಟ್ಟಿ ದಡಕ್ಕೆ ಬಡಿಯುವುದನ್ನು ಎಲ್ಲರೂ ಕಂಡಿದ್ದಾರೆ. ವಿದ್ಯುದಾವಿಷ್ಟವಾದ ಗೊಂಚಲು ಲೋಹದ ಕೊಳವೆಯಲ್ಲಿ ಓಡುವಾಗಲೂ ಅದರ ಹಿಂದೆ ವಿದ್ಯುತ್ಕಾಂತ ತರಂಗಗಳು ಏಳಬಹುದು. ಇವನ್ನು ಬೆನ್ನಲೆಗಳೆಂದು ಕರೆಯೋಣ. ಕೊಳವೆಯು ನುಣುಪಾಗಿ ಒಂದೇ ಸಮನಾಗಿದ್ದರೆ ಅಲೆಗಳು ಅಷ್ಟಾಗಿ ಏಳುವುದಿಲ್ಲ. ಎಲ್ಲಿ ಕೊಳವೆ ಅಗಲವಾಯಿತೋ, ಕಿರಿದಾಯಿತೋ, ಎಲ್ಲಿ ಒಂದು ಸೀಳೋ ಮೆಟ್ಟಿಲೋ ಬಂದಿತೋ ಅಲ್ಲಿ ಗೊಂಚಲು ತನ್ನ ಶಕ್ತಿಯ ಒಂದಂಶವನ್ನು ಅಲೆಯಾಗಿ ಬಿಟ್ಟುಹೋಗುತ್ತದೆ. ಸಂಘಟ್ಟನ ಪ್ರದೇಶವೆಂದರೆ ಇಂಥ ಏರುಪೇರುಗಳ ಸಂತೆ: ಎರಡು ಕೊಳವೆಗಳು ಕೂಡಿ ಒಂದಾಗುವ ಕವಲುಗಳು ಅಲ್ಲಿವೆ, ಕಿರಣಗಳನ್ನು ತಡೆಯುವ ಮರೆಗಳು ಅಲ್ಲಿವೆ, ಕಮ್ಮಾರನ ತಿದಿಯಂತೆ ಮಡಿಕೆಗಳಾಗಿ ಹಿಗ್ಗಿ ಕುಗ್ಗುವ ತಿದಿಗೊಳವೆಗಳೂ ಅಲ್ಲಿವೆ. ಒಂದು ಉದಾಹರಣೆಯನ್ನು ಲೆಕ್ಕಹಾಕಿ ನೋಡಬಹುದು. ಒಂದು ಪಿಕೊಕೂಲಂಬು ವಿದ್ಯುತ್ತಿಗೆ ಒಂದು ವೋಲ್ಟಿನ ಹತ್ತನೆಯ ಒಂದು ಭಾಗದ ನಷ್ಟವನ್ನುಂಟುಮಾಡುವ ಒಂದು ಏರುಪೇರನ್ನು ಊಹಿಸಿಕೊಳ್ಳೋಣ. ಪಾಸಿಟ್ರಾನ್ ಉಂಗುರದಲ್ಲಿ ಮೂರು ಆಂಪಿಯರಿದ್ದಾಗ ಒಂದು ಗೊಂಚಲು ಅದನ್ನು ಒಮ್ಮೆ ದಾಟಿದರೆ ಬಿಟ್ಟುಹೋಗುವ ಶಕ್ತಿಯು ಒಂದು ಜೌಲಿನ ಲಕ್ಷದಲ್ಲಿ ಒಂದೂವರೆ ಭಾಗವನ್ನು ತುಸು ಮೀರುತ್ತದೆ, ಅಷ್ಟೆ. ಆದರೆ ಗೊಂಚಲುಗಳು ಸೆಕೆಂಡಿಗೆ ೨೩ ಕೋಟಿ ಸಲ ಅದನ್ನು ದಾಟುತ್ತವೆ. ಒಟ್ಟು ಮೂರೂಮುಕ್ಕಾಲು ಕಿಲೋವಾಟಿಗೆ ಮಿಗಿಲಾಯಿತು. ಐದು ಇಸ್ತ್ರಿಪೆಟ್ಟಿಗೆಗಳ ಕಾವು.

ಈ ಅಲೆಗಳು ಹುಟ್ಟಿದ ಸ್ಥಳದಲ್ಲಿಯೇ ಸಾಯುತ್ತಿದ್ದರೆ ಅಲ್ಲಿಗೊಂದು ನೀರಿನ ಕೊಳವೆಯನ್ನು ಸುತ್ತಿ ಸುಮ್ಮನಾಗಬಹುದಾಗಿತ್ತು. ಅವು ಹಾಗೆ ಸಾಯುವುದಿಲ್ಲ. ಕೊಳವೆಯನ್ನೇ ರಾಜಬೀದಿಯನ್ನಾಗಿ ಮಾಡಿಕೊಂಡು ಮೀಟರುಗಟ್ಟಲೆ ಸಾಗಿ, ಎಲ್ಲಿ ಸಂದು ಸಿಕ್ಕಿದರೆ ಅಲ್ಲಿ ನುಗ್ಗುತ್ತವೆ. ಪಂಪಿನ ಮುಂದೆ ಇಟ್ಟ ಸೀಳುಗಳ ತೆರೆಯೂ ಅಂಥ ಸಂದುಗಳಲ್ಲಿ ಒಂದು. ಅದರ ಹಿಂದಿನ ಕೋಣೆಗೆ ಹೊಕ್ಕ ಅಲೆಯು ಅಲ್ಲಿಯೇ ಅನುರಣಿಸುತ್ತ, ಒಳಗಿರುವ ಗೆಟರ್ ಪಟ್ಟಿಗಳಿಗೆ ತನ್ನ ಶಕ್ತಿಯನ್ನು ಕೊಡುತ್ತದೆ. ಒತ್ತಿದ ಪುಡಿಯಾದ ಗೆಟರು ತಾಮ್ರದಂತೆ ಒಳ್ಳೆಯ ವಾಹಕವಲ್ಲದ ಕಾರಣ ಅಲೆಯನ್ನು ಕುಡಿಯುವುದರಲ್ಲಿಯೂ ನಿಪುಣ. ಮೇಲಾಗಿ ಅದು ನಿರ್ವಾತದಲ್ಲಿ ತೂಗುಬಿದ್ದಿದೆ. ಕಾವನ್ನು ಹೊತ್ತೊಯ್ಯಲು ಗಾಳಿಯಿಲ್ಲ. ಆಧಾರದ ಕಂಬಿಗಳ ಮೂಲಕ ಸ್ವಲ್ಪ ಹೋಗಬೇಕು, ಉಳಿದುದು ವಿಕಿರಣವಾಗಿ ಹೋಗಬೇಕು. ೨೦೦ ಡಿಗ್ರಿಯಲ್ಲಿರುವ ನೂರು ಚದರ ಸೆಂಟಿಮೀಟರಿನ ಅಚ್ಚಗಪ್ಪು ಮೈ ತನ್ನ ಸುತ್ತಲಿನ ತಣ್ಣನೆಯ ಗೋಡೆಗೆ ಹೊರಸೂಸಬಲ್ಲುದು ಹೆಚ್ಚೆಂದರೆ ಇಪ್ಪತ್ತೈದು ವಾಟು. ಹಿಂದುಮುಂದಾಗಿ ಹೇಳಿದರೆ, ಇಪ್ಪತ್ತೈದು ವಾಟು ಒಳಹೊಕ್ಕರೆ ಸಾಕು, ಅಷ್ಟು ಮೈಯುಳ್ಳ ಪಟ್ಟಿಯು ೨೦೦ ಡಿಗ್ರಿಗೆ ಏರಲು. ಕಿಲೋವಾಟುಗಳು ಅಡ್ಡಾಡುವ ಬೀದಿಯಲ್ಲಿ ಇಪ್ಪತ್ತೈದು ವಾಟನ್ನು ಬಾಗಿಲೊಳಗೆ ಬಿಡದಂತೆ ಕಾಯಬೇಕು. ಕೆಲಸದ ಕಷ್ಟವು ಇಷ್ಟರಿಂದ ತಿಳಿಯುತ್ತದೆ.

ರೋಗವನ್ನು ಹೇಗೆ ಗುರುತಿಸಿದರೆಂಬುದು ನನಗೆ ಚಿಕಿತ್ಸೆಯಷ್ಟೇ ರಮ್ಯವಾಗಿ ತೋರುತ್ತದೆ. ಒಳಗಿನ ಪಟ್ಟಿಯ ಬಿಸಿಯನ್ನು ನೇರವಾಗಿ ನೋಡಲಾಗದು. ಹೊರಗೋಡೆಗೆ ಅಂಟಿಸಿದ ಉಷ್ಣಮಾಪಕಗಳು, ಒತ್ತಡವನ್ನು ಹೇಳುವ ಮಾಪಕಗಳು, ಇಷ್ಟೇ ಸಾಕ್ಷಿಗಳು. ಕೊಳವೆಯು ಕಾಯುವುದಕ್ಕೆ ಬೇರೊಂದು ಕಾರಣವೂ ಇದೆ. ಬಾಗುವ ಧಾರೆಯು ಸಿಂಕ್ರೋಟ್ರಾನ್ ಬೆಳಕೆಂಬ ತೀವ್ರಕಿರಣಗಳನ್ನು ಬೀರುತ್ತದೆ. ಅವು ಬಿದ್ದ ಗೋಡೆಯು ಕಾಯುತ್ತದೆ, ಅನಿಲವನ್ನೂ ಬಿಡುತ್ತದೆ. ಇವೆರಡರಲ್ಲಿ ಅಪರಾಧಿ ಯಾವುದು? ಬೆಳಕಿನ ಕಾವು ಪ್ರವಾಹವನ್ನು ನೇರವಾಗಿ ಅನುಸರಿಸುತ್ತದೆ: ಪ್ರವಾಹ ಇಮ್ಮಡಿಯಾದರೆ ಕಾವೂ ಇಮ್ಮಡಿ. ಬೆನ್ನಲೆಯ ಕಾವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆ: ಪ್ರವಾಹ ಇಮ್ಮಡಿಯಾದರೆ ಕಾವು ನಾಲ್ಮಡಿ. ಒಟ್ಟು ಪ್ರವಾಹವನ್ನು ಹಾಗೆಯೇ ಇಟ್ಟು ಅದನ್ನು ಅರ್ಧದಷ್ಟು ಗೊಂಚಲುಗಳಲ್ಲಿ ತುಂಬಿದರೆ ಬೆಳಕಿಗೆ ಅದರ ಪರಿವೆಯೇ ಇಲ್ಲ. ಬೆನ್ನಲೆಯ ಕಾವು ಮಾತ್ರ ಸುಮಾರಾಗಿ ಇಮ್ಮಡಿಸುತ್ತದೆ. ವೇಗೋತ್ಕರ್ಷಕ ವೋಲ್ಟೇಜನ್ನು ಏರಿಸಿ ಗೊಂಚಲುಗಳನ್ನು ಗಿಡ್ಡಮಾಡಿದರೂ ಹೀಗೆಯೇ. ಗಿಡ್ಡ ಗೊಂಚಲು ಎಬ್ಬಿಸುವ ಅಲೆ ಹೆಚ್ಚು, ಅಲೆಯ ಉದ್ದವೂ ಕಿರಿದಾದುದರಿಂದ ಅದು ಸಣ್ಣ ಸಂದಿನಲ್ಲಿಯೂ ನುಸುಳಬಲ್ಲುದು. ಇಂಥ ಪರೀಕ್ಷೆಗಳು ಯಂತ್ರವನ್ನು ಬಿಚ್ಚದೆಯೇ ಉತ್ತರವನ್ನು ಕೊಡುತ್ತವೆ. ಸಂಘಟ್ಟನ ಪ್ರದೇಶದ ಕೆಲವು ಭಾಗಗಳ ಬಿಸಿಯಂತೂ ಧಾರೆಯನ್ನು ಅಕ್ಷದಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೂ ಬದಲಾಗುತ್ತಿತ್ತು. ಈ ಕಡೆಯ ಸಂಗತಿಯಲ್ಲಿ ಮುಂದಿನ ಪರಿಹಾರದ ಸುಳಿವಿತ್ತು.

ಪಂಪುಗಳ ಕೋಣೆಗೆ ಅಲೆಯು ನಿಜವಾಗಿಯೂ ಹೊಗುತ್ತದೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವು ಉಂಗುರದ ಇನ್ನೊಂದೆಡೆಯಲ್ಲಿ ದೊರಕಿತು. ನೇರ ಭಾಗವು ಬಾಗಿದ ಭಾಗಕ್ಕೆ ಸೇರುವ ಒಂದು ಸ್ಥಳದಲ್ಲಿ ಟೈಟೇನಿಯಮ್ ಪಂಪೊಂದರ ವಿದ್ಯುತ್ ತಂತಿಯ ಜೋಡಣೆಯು ಕೆಲಸಕ್ಕೆ ಬಾರದಂತೆ ಸುಟ್ಟು ಕರಿಕಾಯಿತು. ಧಾರೆಯ ಕೊಳವೆಯಲ್ಲಿ ಎದ್ದ ಅಲೆಯು ಪಕ್ಕದ ಕೋಣೆಗೆ ಹೊಕ್ಕು, ಪಂಪನ್ನು ಕಾಯಿಸುವ ತಂತಿಯ ಗುಂಟ ಹೊರಗೆ ಬಂದಿತ್ತು. ಅಲ್ಲಿ ಒಂದು ಗಿಡ್ಡ ತಂತಿಯನ್ನು ಆಂಟೆನಾದಂತೆ ಇಟ್ಟು ಆಲಿಸಿದಾಗ ಸೆಕೆಂಡಿಗೆ ಇನ್ನೂರು ಮುನ್ನೂರು ಕೋಟಿ ಕಂಪನಗಳ ಸದ್ದು ಎಲ್ಲಕ್ಕಿಂತ ಜೋರಾಗಿತ್ತು. ಅಲೆಕ್ಸಾಂಡರ್ ನೊವೊಖಾಟ್ಸ್ಕಿಯವರೂ ಅವರ ಸಂಗಡಿಗರೂ ಇದನ್ನು ೨೦೦೪ರಲ್ಲಿ ವರದಿಮಾಡಿದ್ದಾರೆ.

ಪರಿಹಾರಗಳಲ್ಲಿ ಎಲ್ಲಕ್ಕಿಂತ ಸುಲಭವಾದುದು ಪ್ರವಾಹವನ್ನು ತಗ್ಗಿಸುವುದು. ಎರಡು ಧಾರೆಗಳನ್ನೂ ಹತ್ತನೆಯ ಒಂದು ಭಾಗ ತಗ್ಗಿಸಿದರೆ ಕಾವು ಸುಮಾರು ಐದನೆಯ ಒಂದು ಭಾಗ ಇಳಿಯುತ್ತದೆ. ಘಟನೆಗಳ ಎಣಿಕೆಯೂ ಅಷ್ಟೇ ಇಳಿಯುತ್ತದೆ. ಬಾಡಿಗೆ ಉಳಿಸಲು ಮನೆ ಬಿಟ್ಟ ಹಾಗೆ. ಹೊರಗಿನಿಂದ ಗಾಳಿ ಬೀಸಿಯೋ ನೀರು ಹರಿಸಿಯೋ ತಣಿಸುವುದು ಎರಡನೆಯದು. ಅದು ಗೋಡೆಯನ್ನು ತಣಿಸುತ್ತದೆ, ಗೋಡೆಗೆ ತಾಗದೆ ಒಳಗೆ ತೂಗುತ್ತಿರುವ ಗೆಟರನ್ನು ತಣಿಸಲಾರದು. ಆದುದರಿಂದ ಮದ್ದು ಬಾಗಿಲಿನಲ್ಲಿಯೇ ಆಗಬೇಕು. ಅನಿಲಕ್ಕೆ ಬಾಗಿಲಾಗಿಯೂ ಅಲೆಗೆ ಗೋಡೆಯಾಗಿಯೂ ಇರುವ ವಸ್ತು ಒಂದೇ ಇರಲು ಸಾಧ್ಯವೇ?

ಸಾಧ್ಯವೆಂದು ಪ್ರಕೃತಿಯೇ ಒಂದು ಪಕ್ಷಪಾತವನ್ನು ತೋರಿಸಿದೆ. ನಮ್ಮ ಹಳೆಯ ದೇವಾಲಯಗಳ ಜಾಲಂಧ್ರಗಳನ್ನು ನೆನೆಯಬಹುದು: ದಪ್ಪ ಕಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರಗಳು. ಅಲೆಯ ಉದ್ದಕ್ಕಿಂತ ಬಹಳ ಕಿರಿದಾದ ದುಂಡು ರಂಧ್ರದಲ್ಲಿ ಅಲೆಯು ಸಂಚರಿಸಲಾರದು. ಒಳಹೊಕ್ಕಷ್ಟೂ ಕ್ಷೀಣಿಸುತ್ತ ಹೋಗುತ್ತದೆ. ರಂಧ್ರದ ವ್ಯಾಸದಷ್ಟೇ ಗೋಡೆಯ ದಪ್ಪವನ್ನೂ ಇಟ್ಟರೆ, ಆ ದಪ್ಪವೊಂದರಿಂದಲೇ ಅಲೆಯ ಶಕ್ತಿಯು ಸುಮಾರು ೧,೬೦೦ರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಅದೇ ರಂಧ್ರದಲ್ಲಿ ಪುಟಿಯುತ್ತ ಬರುವ ಅಣುಗಳ ಗತಿಯೇನು? ತೆಳುವಾದ ರೇಕಿನ ರಂಧ್ರಕ್ಕೆ ಹೋಲಿಸಿದರೆ ಅರ್ಧದಷ್ಟು ಅಣುಗಳು ಆಚೆಗೆ ದಾಟುತ್ತವೆ. ಗೋಡೆಯನ್ನು ದಪ್ಪಮಾಡುವುದರಿಂದ ಅನಿಲದಲ್ಲಿ ಅರ್ಧ ನಷ್ಟ, ಅಲೆಯಲ್ಲಿ ಸಾವಿರದಾರುನೂರು ಪಟ್ಟು ಲಾಭ. ರಂಧ್ರಗಳ ಸಂಖ್ಯೆಯನ್ನು ಹೆಚ್ಚಿಸಿ ಆ ಅರ್ಧವನ್ನೂ ತುಂಬಿಕೊಳ್ಳಬಹುದು. ನಿರ್ವಾತಶಾಸ್ತ್ರದಲ್ಲಿ ಇಷ್ಟು ಅಗ್ಗದ ವ್ಯಾಪಾರ ಇನ್ನೊಂದಿದೆಯೆಂದು ನಾನು ಕಾಣೆ.

ಹಾಗಾದರೆ ಎಲ್ಲೆಡೆಯೂ ದುಂಡುರಂಧ್ರದ ಜಾಲಂಧ್ರವನ್ನೇ ಏಕೆ ಇಡಲಿಲ್ಲವೆಂದು ಕೇಳಬಹುದು. ತಿದಿಗೊಳವೆಯನ್ನು ಜಾಲಂಧ್ರದಿಂದ ಮುಚ್ಚಲಾಗದು. ಅದು ಹಿಗ್ಗಿ ಕುಗ್ಗಬೇಕು. ಅದರೊಳಗೆ ತೆಳುವಾದ ತಾಮ್ರಮಿಶ್ರದ ಪಟ್ಟಿಗಳನ್ನು ಬೆರಳುಗಳಂತೆ ಸಾಲಾಗಿ ಜೋಡಿಸಿ, ಒಂದರ ಮೇಲೊಂದು ಜಾರುವಂತೆ ಮಾಡಿರುತ್ತಾರೆ. ಬೆರಳುಗಳ ನಡುವೆ ಉಳಿಯುವ ಸಂದುಗಳೆಲ್ಲವೂ ಧಾರೆಯ ದಿಕ್ಕಿನಲ್ಲಿ ಉದ್ದವಾಗಿ ಇರುತ್ತವೆ. ಇಲ್ಲಿ ಅಲೆಗಳ ಜಾತಿಯನ್ನು ವಿಚಾರಿಸಬೇಕು. ಧಾರೆಯು ಕೊಳವೆಯ ನಟ್ಟನಡುವೆ ಹೋದಾಗ ಏಳುವ ಸಮಪಾರ್ಶ್ವದ ಅಲೆಯು ಗೋಡೆಯಲ್ಲಿ ಹರಿಸುವ ವಿದ್ಯುತ್ತು ಕೊಳವೆಯ ಉದ್ದಕ್ಕೆ ಹರಿಯುತ್ತದೆ. ಉದ್ದನೆಯ ಸೀಳು ಅದಕ್ಕೆ ಅಡ್ಡಬರುವುದಿಲ್ಲ. ಸೀಳಿನ ಪಕ್ಕದಲ್ಲಿ ಅದು ತನ್ನ ಪಾಡಿಗೆ ಸಾಗುತ್ತದೆ, ಒಳಕ್ಕೆ ಸೋರುವುದಿಲ್ಲ. ಕೊಳವೆಯು ಒಂದು ಪಕ್ಕಕ್ಕೆ ಉಬ್ಬಿದ್ದರೆ, ಅಥವಾ ಧಾರೆಯು ಅಕ್ಷದಿಂದ ಸರಿದಿದ್ದರೆ, ಪಾರ್ಶ್ವಗಳು ಸಮವಲ್ಲದ ಅಲೆಗಳು ಹುಟ್ಟುತ್ತವೆ. ಅವು ಗೋಡೆಯಲ್ಲಿ ಹರಿಸುವ ವಿದ್ಯುತ್ತು ಕೊಳವೆಯನ್ನು ಬಳಸಿ ಸುತ್ತುತ್ತದೆ, ಸೀಳನ್ನು ಅಡ್ಡಹಾಯುತ್ತದೆ, ಅಡ್ಡಹಾಯುವಾಗ ಅಲೆಯು ಸೀಳಿನೊಳಗೆ ಸೋರುತ್ತದೆ. ಧಾರೆಯನ್ನು ತುಸು ಸರಿಸಿದರೆ ಬಿಸಿಯು ಏಕೆ ಬದಲಾಗುತ್ತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಪರಾಧಿಗಳು ಪಾರ್ಶ್ವಾಲೆಗಳೇ.

ಅಲ್ಲಿನವರು ದೋಷದ ಈ ಲಕ್ಷಣವನ್ನೇ ಗುಣವನ್ನಾಗಿ ತಿರುಗಿಸಿಕೊಂಡರು. ಉದ್ದಸೀಳು ಪಾರ್ಶ್ವಾಲೆಗೆ ಮಾತ್ರ ತೆರೆದ ಬಾಗಿಲಾದರೆ, ಆ ಬಾಗಿಲಿನ ಹಿಂದೆ ಗೆಟರೂ ತೆಳು ಮಡಿಕೆಗಳೂ ಇರುವ ಬದಲು, ಅಲೆಯನ್ನು ನುಂಗಿ ಕಾವನ್ನು ತಾಳಿಕೊಳ್ಳುವ ವಸ್ತುವನ್ನು ಬೇಕೆಂದೇ ಇಡಬಾರದೇಕೆ? ಸಂಘಟ್ಟನ ಬಿಂದುವಿನ ಬಳಿ, ಎರಡನೆಯ ಕೇಂದ್ರೀಕಾರಕ ಅಯಸ್ಕಾಂತದ ಪಕ್ಕದ ತಿದಿಗೊಳವೆಗೆ ಇಂಥ ಒಂದು ಅಲೆನುಂಗುಕವನ್ನು ರಚಿಸಿ, ಅದರ ವಿನ್ಯಾಸವನ್ನು ೨೦೦೫ರಲ್ಲಿ ಪ್ರಕಟಿಸಿದರು. ಕೊಳವೆಯ ಗೋಡೆಯಲ್ಲಿ ಧಾರೆಯ ದಿಕ್ಕಿಗೆ ಸಮಾಂತರವಾದ ಸೀಳುಗಳು. ಅವುಗಳ ಹಿಂದೆ ಅಲೆಯನ್ನು ಕುಡಿಯುವ ಸೆರಾಮಿಕ್ ಬಿಲ್ಲೆಗಳು. ಬಿಲ್ಲೆಗಳನ್ನು ಬೆಸೆದ ಲೋಹದ ಬೆನ್ನಿನಲ್ಲಿ ಹರಿಯುವ ನೀರು. ಸಮಪಾರ್ಶ್ವದ ಅಲೆಯು ಇದರ ಇರವನ್ನೇ ಅರಿಯದೆ ದಾಟಿಹೋಗುತ್ತದೆ, ಆದಕಾರಣ ಧಾರೆಗೆ ಇದರಿಂದ ಹೊಸ ಹೊರೆಯಿಲ್ಲ. ಪಾರ್ಶ್ವಾಲೆಯು ಪಂಪಿನ ಕೋಣೆಗೂ ಮಡಿಕೆಗಳಿಗೂ ಹೋಗಿ ಮಾಡುತ್ತಿದ್ದ ಕಾವನ್ನು ಇಲ್ಲಿಯೇ ಮಾಡಿ ನೀರಿನೊಡನೆ ಹೊರಟುಹೋಗುತ್ತದೆ. ಟೈಟೇನಿಯಮ್ ಪಂಪು ಸುಟ್ಟಿದ್ದ ಸ್ಥಳದಲ್ಲಿಯೂ ಪಕ್ಕದ ಕೋಣೆಯೊಳಗೆ ನೀರಿನಿಂದ ತಣಿಸಿದ ಅಲೆನುಂಗುಕವನ್ನು ಇಟ್ಟರು; ತಂತಿಯ ಮೂಲಕ ಹೊರಬರುತ್ತಿದ್ದ ಅಲೆಯ ಶಕ್ತಿಯೂ ಕೋಣೆಯ ಬಿಸಿಯೂ ಇಳಿದವು. ಈ ಉಪಾಯದ ಬಗೆಗೆ ನನಗಿರುವ ಮೆಚ್ಚಿಕೆಯನ್ನು ಮುಚ್ಚಿಡಲಾರೆ. ಕಾವನ್ನು ಇಲ್ಲವಾಗಿಸುವುದು ಸಾಧ್ಯವಿರಲಿಲ್ಲ. ಗೊಂಚಲು ಬಿಟ್ಟುಹೋದ ಶಕ್ತಿ ಎಲ್ಲಿಯಾದರೂ ಕಾವಾಗಲೇಬೇಕು. ಎಲ್ಲಿ ಆಗಬೇಕೆಂಬುದನ್ನು ಮಾತ್ರ ಅವರು ತಾವೇ ಗೊತ್ತುಮಾಡಿದರು.

ಸುಕುಬಾದ ಯಂತ್ರದವರು ತೆಳುಬೆರಳುಗಳನ್ನೇ ಕೈಬಿಟ್ಟು, ಎರಡು ಬಾಚಣಿಗೆಗಳ ಹಲ್ಲುಗಳು ಒಂದರೊಳಗೊಂದು ಹೊಕ್ಕಂತೆ ಮಾಡಿದ ದಪ್ಪ ತಾಮ್ರದ ಕವಚವನ್ನು ಬಳಕೆಗೆ ತಂದರು; ದಪ್ಪದಿಂದ ಅಲೆಯು ಕ್ಷೀಣಿಸುತ್ತದೆಂಬ ಜಾಲಂಧ್ರದ ತತ್ತ್ವವೇ ಅಲ್ಲಿಯೂ ಇದೆ. ಜಿನೀವಾದ ಬಳಿಯ ೨೭ ಕಿಲೋಮೀಟರಿನ ದೊಡ್ಡ ಪ್ರೋಟಾನ್ ಸಂಘಟ್ಟಕದಲ್ಲಿ ಈ ತೊಂದರೆ ತಡವಾಗಿ ಬಂದರೂ ಬಂದೇ ಬಂದಿತು: ೨೦೨೩ರ ಮೇ ತಿಂಗಳಿನಲ್ಲಿ ಅಟ್ಲಾಸ್ ಕಣಗ್ರಾಹಕದ ಸಮೀಪದ ಒಂದು ಜೋಡಣೆಯಲ್ಲಿ ಬೆರಳುಗಳನ್ನು ಬಿಗಿಹಿಡಿದಿದ್ದ ಸ್ಪ್ರಿಂಗು ಕಾವಿಗೆ ತನ್ನ ಬಿಗಿತವನ್ನು ಕಳೆದುಕೊಂಡಿತು, ಒತ್ತಡವು ಥಟ್ಟನೆ ಏರಿ ಧಾರೆಯನ್ನು ನಿಲ್ಲಿಸಬೇಕಾಯಿತು, ಭಾಗವನ್ನು ಬದಲಾಯಿಸಿದ ಮೇಲೆಯೇ ಕೆಲಸ ಮುಂದುವರಿಯಿತು.

ಅದೇ ಯಂತ್ರದಲ್ಲಿ ಪಂಪಿನ ಕಾವಿಗೆ ಬೇರುಸಹಿತವಾದ ಒಂದು ಮದ್ದೂ ಇದೆ. ಸರ್ನ್ ಸಂಸ್ಥೆಯಲ್ಲಿ ಬೆನ್ವೆನುಟಿಯವರೂ ಅವರ ಜೊತೆಗಾರರೂ ಟೈಟೇನಿಯಮ್, ಜಿರ್ಕೋನಿಯಮ್, ವೆನೇಡಿಯಮ್‌ಗಳ ಗೆಟರನ್ನು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ದಪ್ಪದ ಲೇಪವನ್ನಾಗಿ ಕೊಳವೆಯ ಒಳಮೈಗೇ ಹಚ್ಚುವ ವಿಧಾನವನ್ನು ಕಂಡುಹಿಡಿದರು. ಆಗ ಗೋಡೆಯೇ ಪಂಪು. ಸೀಳು ಬೇಡ, ತೆರೆ ಬೇಡ, ಹಿಂದಿನ ಕೋಣೆ ಬೇಡ. ಲೇಪಕ್ಕೆ ಬಿದ್ದ ಕಾವು ಲೋಹದ ಗೋಡೆಗೆ ಹರಿದುಹೋಗುವುದರಿಂದ ತೂಗುಬಿದ್ದ ಪಟ್ಟಿಯಂತೆ ಅದು ಒಂಟಿಯಾಗಿ ಕಾಯುವುದೂ ಇಲ್ಲ. ೧೮೦ ಡಿಗ್ರಿಯಲ್ಲಿ ಒಂದು ದಿನ ಕಾಯಿಸಿದರೆ ಅದು ಎಚ್ಚತ್ತುಕೊಳ್ಳುತ್ತದೆ. ಆ ಉಂಗುರದ ಸಾಮಾನ್ಯ ಉಷ್ಣತೆಯ ಭಾಗಗಳಲ್ಲಿ ಸುಮಾರು ಆರು ಕಿಲೋಮೀಟರು ಕೊಳವೆಗೂ, ಕಣಗ್ರಾಹಕಗಳ ನಡುವಿನ ಬೆರಿಲಿಯಮ್ ಕೊಳವೆಗಳಿಗೂ ಈ ಲೇಪವಿದೆ. ಇದಕ್ಕೂ ಒಂದು ಮಿತಿಯುಂಟು. ಇಷ್ಟು ತೆಳುವಾದ ಲೇಪದ ಹೊಟ್ಟೆ ಚಿಕ್ಕದು. ಕೊಳವೆಯನ್ನು ಗಾಳಿಗೆ ತೆರೆದಾಗಲೆಲ್ಲ ಅದು ತೃಪ್ತಿಯಾಗುವಷ್ಟು ಆಮ್ಲಜನಕವನ್ನು ಕುಡಿದು, ಮತ್ತೆ ಎಚ್ಚರಿಸಿದಾಗ ಆ ಪಾಲನ್ನು ಒಳಗೇ ಇಟ್ಟುಕೊಳ್ಳುತ್ತದೆ. ಸಲಸಲಕ್ಕೂ ಶಕ್ತಿ ಕುಗ್ಗುತ್ತದೆ. ಕಣಗ್ರಾಹಕದ ರಿಪೇರಿಗಾಗಿ ನಡುವಿನ ಕೊಳವೆಯ ನಿರ್ವಾತವನ್ನು ಬಿಡಿಸಬೇಕಾಗಿ ಬಂದಾಗ ಅದರೊಳಕ್ಕೆ ಗಾಳಿಯನ್ನು ಬಿಡದೆ, ಶುದ್ಧವಾದ ನಿಯಾನ್ ಅನಿಲವನ್ನು ತುಂಬುವ ಪದ್ಧತಿಯನ್ನು ಅಲ್ಲಿ ಇಟ್ಟುಕೊಂಡಿದ್ದಾರೆ. ಗೆಟರು ಮುಟ್ಟದ ಅನಿಲಗಳಲ್ಲಿ ನಿಯಾನೂ ಒಂದೆಂದು ಮೇಲೆ ಹೇಳಿತಷ್ಟೆ. ಕೆಲಸ ಮುಗಿದ ಮೇಲೆ ಅದನ್ನು ಬೇರೆ ಪಂಪುಗಳಿಂದ ತೆಗೆದರೆ, ಲೇಪವು ಮತ್ತೆ ಕಾಯಿಸುವ ಅಗತ್ಯವಿಲ್ಲದೆ ಮೊದಲಿನಂತೆಯೇ ಕೆಲಸಕ್ಕೆ ತೊಡಗುತ್ತದೆ.